ಶಾರಿಯ ರೇಡಿಯಂ ಹುಟ್ಟುಹಬ್ಬ

ಕಳೆದ ಶುಕ್ರವಾರ ಸಂಜೆ ನಮ್ಮ ಮಾವನವರು ತೀರಿಕೊಂಡರು.

ಗಾಬರಿಯಾಗಬೇಡಿ. ನಾನಿದನ್ನು ಬರೆಯುತ್ತಿರುವಾಗ ಅವರು ಎದುರಿನ ಮಂಚದ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಾರೆ. ಉಪ್ಪು ಕಡಿಮೆಯಾಗಿದೆ ಎಂದು ಈಗಷ್ಟೇ ಹೇಳಿದರು. ಅವರು ತೀರಿಕೊಂಡರೆಂದು ತೀರ್ಮಾನ ಮಾಡಿದ್ದು ನಮ್ಮ ಓಣಿ. ಅದಕ್ಕೆ ಕಾರಣ ನನ್ನ ಮಗಳ ಹುಟ್ಟುಹಬ್ಬ. ಹುಟ್ಟುಹಬ್ಬಕ್ಕೂ ಸಾವಿಗೂ ಏನು ಸಂಬಂಧ ಎಂದು ಕೇಳುತ್ತೀರಾ? ಹೇಳುತ್ತೇನೆ. ಆದರೆ ಮೊದಲೇ ತಿಳಿಸಿಬಿಡುತ್ತೇನೆ, ಈ ವಾರ ನನಗೆ ಸಿಟ್ಟು ಬಂದಿದೆ. ಓದಿ ನಗುವವರು ನಗಬಹುದು. ನನ್ನ ಕೈಲಂತೂ ಇನ್ನೂ ಆಗಿಲ್ಲ.

ನನ್ನ ಮಗಳು ಶಾರಿಯನ್ನು ಈ ಅಂಕಣ ಓದುವ ನೀವು ಬಲ್ಲಿರಿ. (ದೀಪಾವಳಿಗೆ ಬೆಕ್ಕಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದು ಇವಳೇ.) ನಾಲ್ಕನೇ ಕ್ಲಾಸು. ಆದೋನಿಯ ಈ ಓಣಿಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಓಣಿಯ ಯಾವ ಮಗುವಿನ ಹುಟ್ಟುಹಬ್ಬವಾದರೂ ಲಂಗ ಉಟ್ಟು, ಪೆನ್ಸಿಲ್ ಬಾಕ್ಸೋ ಬಣ್ಣದ ಪೆಟ್ಟಿಗೆಯೋ ಹಿಡಿದು ಎಲ್ಲರಿಗಿಂತ ಮೊದಲು ಹಾಜರು. ಅವಳ ಹುಟ್ಟುಹಬ್ಬ ಮಾತ್ರ ಬೆಳಿಗ್ಗೆಯೇ ಮುಗಿಯುತ್ತದೆ. ಎಣ್ಣೆ ನೀರು, ಆರತಿ, ಪಾಯಸ. ಸ್ಕೂಲಿಗೆ ಹೋಗುವಷ್ಟರಲ್ಲಿ ಖಲಾಸ್. ಈ ಸಲ ಅವಳು ಒಂದೇ ಹಟ ಹಿಡಿದಿದ್ದಳು.

"ಅಮ್ಮಾ, ಎಲ್ಲಾರ ಮನಿಗಿ ನಾನು ಹೋಗ್ತೀನಿ. ಒಮ್ಮೆನಾ ಎಲ್ಲಾರೂ ನಮ್ಮ ಮನಿಗಿ ಬರಬೇಕು."

ಅವಳು ಕೇಳಿದ್ದು ಇಷ್ಟೇ. ಬಂಗಾರ ಕೇಳಲಿಲ್ಲ, ಸೈಕಲ್ಲು ಕೇಳಲಿಲ್ಲ. ಮಂದಿ ಬರಬೇಕು ಅಂದಳು.

ರೇಡಿಯಂ ಯೋಚನೆಯೂ ಅವಳದೇ. ಮಂತ್ರಾಲಯಕ್ಕೆ ಹೋದಾಗ ಹೊಳೆಗೆ ಹೋಗುವ ದಾರಿಯ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಹನುಮಪ್ಪನನ್ನು ಕೊಡಿಸಿದ್ದೆ. ಹಗಲಲ್ಲಿ ನೋಡಿದರೆ ಮಜ್ಜಿಗೆಯ ಬಣ್ಣದ ಪೆಚ್ಚು ಹನುಮಪ್ಪ. ಟ್ಯೂಬ್‌ಲೈಟಿನ ಕೆಳಗೆ ಸ್ವಲ್ಪ ಹೊತ್ತು ಹಿಡಿದು ಲೈಟು ಆರಿಸಿದರೆ ತಿಳಿಹಸಿರಾಗಿ ಹೊಳೆಯುತ್ತಾನೆ. ನಮ್ಮ ಕಡೆ ಹೀಗೆ ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ರೇಡಿಯಂ ಎಂದೇ ಹೆಸರು. ದಿನಾ ಸಂಜೆ ಕರೆಂಟು ಹೋಗುವ ಊರು ನಮ್ಮದು. ಕರೆಂಟು ಹೋದ ಕೂಡಲೇ ಎಲ್ಲರೂ ಗೊಣಗುತ್ತ ಬೀಸಣಿಗೆ ಹುಡುಕಿದರೆ ಶಾರಿ ಮಾತ್ರ ಹನುಮಪ್ಪನನ್ನು ತಂದು ಕೂರಿಸಿಕೊಂಡು ಖುಷಿಯಾಗಿರುತ್ತಿದ್ದಳು. ಹಾಗಾದರೆ ಇಡೀ ಮನೆಯೇ ಹೀಗೆ ಹೊಳೆದರೆ?

ನನಗೂ ಹುರುಪು ಬಂತು. ಯಾಕೆ ಬರಬಾರದು? ಬಳ್ಳಾರಿಯಲ್ಲಿರುವ ನನ್ನ ತಮ್ಮನಿಗೆ ಹೇಳಿ ಕಳಿಸಿದೆ. ಅವನು ಮೊದಲು ಕಳಿಸಿದ್ದು ಸ್ಕೂಟರಿನ ನಂಬರ್ ಪ್ಲೇಟಿಗೆ ಅಂಟಿಸುವ ಹಾಳೆ. (ಅದು ಬ್ಯಾಟರಿಯ ಬೆಳಕು ಬಿದ್ದರೆ ಮಾತ್ರ ಮಿನುಗುತ್ತದೆ. ಕತ್ತಲಲ್ಲಿ ಸುಮ್ಮನೆ ಕತ್ತಲಾಗಿಯೇ ಇರುತ್ತದೆ.) ಬೈದ ಮೇಲೆ ಬೊಂಬಾಯಿಯಿಂದ ಸರಿಯಾದ ಹಾಳೆ ತರಿಸಿಕೊಟ್ಟ. ಒಂದು ವಾರ ತಾಯಿ ಮಗಳು ಕತ್ತರಿ ಹಿಡಿದು ಕೂತೆವು. ನಕ್ಷತ್ರ, ಚಂದ್ರ, ಮೀನು. ಬಳೆಗಳಿಗೆ ಪಟ್ಟಿ. ಬರುವ ಒಬ್ಬೊಬ್ಬ ಗೆಳತಿಯ ಹೆಸರಿನ ಮೊದಲ ಅಕ್ಷರ ಕತ್ತರಿಸಿ ಅವರವರ ಚಾಪೆಯ ಮುಂದೆ ಅಂಟಿಸುವ ಕೆಲಸ ಶಾರಿಯದು. ಕತ್ತಲಲ್ಲಿ ಅವರವರ ಜಾಗ ಅವರಿಗೆ ಸಿಗಬೇಕಲ್ಲ.

ಆಮೇಲೆ ಕುಂಕುಮದ ಭರಣಿ ಹಿಡಿದು ಓಣಿಯಲ್ಲಿ ಕರೆಯಲು ಹೊರಟೆ. ನನ್ನ ಸಿಟ್ಟು ಶುರುವಾಗುವುದು ಇಲ್ಲಿಂದ.

ಮೊದಲು ಪಕ್ಕದ ಮನೆಯ ಸಾವಿತ್ರಮ್ಮ. ಮಡಿ, ಹುಡಿ, ಏಕಾದಶಿ, ಎಲ್ಲ ಕಟ್ಟುನಿಟ್ಟು. ಕುಂಕುಮ ಹಚ್ಚಿಕೊಂಡರು, ವಿಷಯ ಕೇಳಿದರು, ಹುಬ್ಬು ಮೇಲೇರಿತು.

"ದೀಪಾ ಹಚ್ಚೋ ಹೊತ್ತಿನ್ಯಾಗ ದೀಪಾ ಆರಸ್ತೀರೇನ್ರಿ? ಅದೂ ಶುಕ್ರವಾರ? ನಮ್ಮ ಹುಡುಗರನ್ನ ಕಳಸಂಗಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

ದೇವರ ಕೋಣೆಯ ದೀಪ ಉರಿಯುತ್ತಲೇ ಇರುತ್ತದೆ, ಆ ಕೋಣೆಯ ಬಾಗಿಲನ್ನಷ್ಟೇ ಎಳೆದಿರುತ್ತೇನೆ, ಆರಿಸುವುದು ಕರೆಂಟಿನ ಲೈಟು ಮಾತ್ರ ಎಂದೆ. ಅವರಿಗೆ ಅದು ರುಚಿಸಲಿಲ್ಲ.

ಸ್ವಾಮೀ, ನಾನು ಕೇಳುತ್ತೇನೆ. ದಿನಾ ದೀಪ ಹಚ್ಚುವ ಹೊತ್ತಿಗೇ ಕರೆಂಟಿನವರು ಇಡೀ ಊರನ್ನು ಕತ್ತಲು ಮಾಡುತ್ತಾರಲ್ಲ, ಆಗ ಲಕ್ಷ್ಮಿ ಎಲ್ಲಿ ಹೋಗಿರುತ್ತಾಳೆ? ಅವರು ಮಾಡಿದರೆ ಪವರ್ ಕಟ್, ನನ್ನ ಮಗಳು ಒಂದರ್ಧ ಗಂಟೆ ಮಾಡಿದರೆ ಅಪಶಕುನ. ಇದು ಯಾವ ಶಾಸ್ತ್ರ?

ಎದುರು ಮನೆ ಬಸಮ್ಮಕ್ಕನದು. ಅರಳೆ ವ್ಯಾಪಾರದ ಮನೆ, ಸ್ವಂತ ಜಿನ್ನಿಂಗ್ ಮಿಲ್ಲು. ಹಿಂದಿನ ತಿಂಗಳು ಅವರ ಮಗನ ಹುಟ್ಟುಹಬ್ಬಕ್ಕೆ ಬಳ್ಳಾರಿಯಿಂದ ಕೇಕು ಬಂದಿತ್ತು, ಮೈಕು ಹಾಕಿಸಿದ್ದರು, ಶಾರಿ ಹೋಗಿ ಕಂಪಾಸ್ ಬಾಕ್ಸ್ ಕೊಟ್ಟು ಬಂದಿದ್ದಳು. ಬಸಮ್ಮಕ್ಕ ನನ್ನ ಕೈ ಹಿಡಿದು ಪ್ರೀತಿಯಿಂದಲೇ ಹೇಳಿದರು.

"ಹೆಣ್ಣುಕೂಸಿಗಿ ಇಷ್ಟೆಲ್ಲ ಯಾಕ ತಂಗಿ? ಮುಂದ ಒಂದು ಗಂಡು ಹುಟ್ಲಿ. ಊರಿಗೆಲ್ಲ ಊಟ ಹಾಕ್ಸೋಣು, ನಾನು ಮುಂದ ನಿಂತು ಮಾಡಿಸ್ತೀನಿ."

ಪ್ರೀತಿಯಿಂದ ಹೇಳಿದರು ಎಂದೆನಲ್ಲ, ಅದೇ ಕಷ್ಟ. ಸಿಡುಕಿ ಹೇಳಿದ್ದರೆ ಸಿಡುಕಿಯೇ ಉತ್ತರ ಕೊಡಬಹುದಿತ್ತು. ನಕ್ಕು, ಭರಣಿಯ ಮುಚ್ಚಳ ಹಾಕಿಕೊಂಡು ಬಂದೆ.

ಉಳಿದ ಮನೆಗಳವರು ಇವರಿಬ್ಬರನ್ನು ನೋಡಿ ನಡೆಯುವವರು. "ನೋಡ್ತೀವ್ರಿ" ಎಂದರು. ಕೌತಾಳಂನಲ್ಲಿರುವ ನನ್ನ ನಾದಿನಿಗೂ ಹೇಳಿ ಕಳಿಸಿದ್ದೆ. "ಸಂಜೀ ಬಸ್ಸಿನ್ಯಾಗ ನಿಲ್ಲಲಿಕ್ಕೂ ಜಾಗ ಇರಂಗಿಲ್ಲ ವೈನಿ, ಎಲ್ಲಿ ಬರ್ಲಿ?" ಎಂಬ ಉತ್ತರ ಬಂತು. ನಮ್ಮವರಂತೂ ಆ ದಿನವೇ ಚಿಪ್ಪಗಿರಿಗೆ ಕ್ಯಾಂಪ್ ಹಾಕಿಕೊಂಡರು. (ಆಫೀಸು ಕಳಿಸಿತೋ, ತಮ್ಮ ತಾಯಿಯ ಸಿಡುಕು ಮುಖ ನೋಡಿ ತಾವೇ ಹೊರಟರೋ, ನಾನು ಕೇಳಲಿಲ್ಲ.)

ಬರುತ್ತೇವೆ ಎಂದು ನೇರವಾಗಿ ಹೇಳಿದ್ದು ಒಬ್ಬರೇ. ಹಿಂದಿನ ಓಣಿಯಲ್ಲಿ ಹೊಲಿಗೆ ಮಾಡುವ ಖುರ್ಷಿದ್ ಬೀ. ಅವರ ಮಗಳು ಶಾಹೀನ್ ಶಾರಿಯ ಕ್ಲಾಸು. "ಅಂಧೇರಾ ಆದ್ರ ಏನಾತಮ್ಮಾ, ದಿನಾ ಆಗ್ತದ. ಕಳಸ್ತೀನಿ" ಎಂದು ಮಷೀನು ತುಳಿಯುತ್ತಲೇ ಹೇಳಿದರು.

ಶುಕ್ರವಾರ ಬಂತು. ಶಾರಿ ಸ್ಕೂಲಿನಿಂದ ಬಂದವಳೇ ನಕ್ಷತ್ರಗಳನ್ನೆಲ್ಲ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದಳು. ನಾನು ಸ್ಟೂಲು ಹತ್ತಿ ಬಹಳಷ್ಟನ್ನು ಜಂತಿಗೆ ಅಂಟಿಸಿದೆ, ಉಗ್ಗಾನಿಗೆ ಮಂಡಕ್ಕಿ ನೆನೆಸಿದೆ, ಮೆಣಸಿನಕಾಯಿ ಬಜ್ಜಿ ಕರಿದೆ, ಕೇಸರಿಭಾತ್ ಮಾಡಿದೆ. ಮಾವನವರು ಪಡಸಾಲೆಯ ಮಂಚದ ಮೇಲೆ ಧೋತರ ಹೊದ್ದು ಮಲಗಿದ್ದರು. ಆ ವಾರ ಅವರಿಗೆ ಜ್ವರ, ಡಾಕ್ಟರು ಮನೆಗೇ ಬಂದು ಹೋಗಿದ್ದನ್ನು ಓಣಿಯೆಲ್ಲ ನೋಡಿತ್ತು. ಶಾರಿ ಆ ಧೋತರದ ಮೇಲೂ ನಕ್ಷತ್ರ ಅಂಟಿಸಿದಳು. "ತಾತನಽ ಆಕಾಶ" ಅಂದಳು. ಆಕಾಶ ಗೊರಕೆ ಹೊಡೆಯುತ್ತಿತ್ತು.

ಅತ್ತೆಗೆ ಈ ಪಾರ್ಟಿ ಸುತರಾಂ ಇಷ್ಟವಿರಲಿಲ್ಲ. ಲೈಟು ಆರಿಸುವ ಮನೆಯೊಳಗೆ ತಾವು ಇರುವುದಿಲ್ಲ ಎಂದು ಜಪದ ಮಣಿ ಹಿಡಿದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತರು. ಜಪಕ್ಕೆ ಕೂತರೆಂದರೆ ಮೌನ. ಮುಗಿಯುವ ತನಕ ಮನೆಗೆ ಬೆಂಕಿ ಬಿದ್ದರೂ ಮಾತಿಲ್ಲ.

ಶಾಹೀನ್ ಬಂದಳು. ಶಾರಿ ಬಾಗಿಲಿಗೆ ಹೋಗಿ ನೋಡಿದಳು, ಒಳಗೆ ಬಂದಳು, ಮತ್ತೆ ಹೋದಳು. ಮತ್ತಾರೂ ಬರಲಿಲ್ಲ. ಚಾಪೆಗಳ ಮುಂದೆ ಅಕ್ಷರಗಳು ಸಾಲಾಗಿ ಕೂತಿದ್ದವು.

"ಲೈಟ್ ಆರ್ಸಮ್ಮಾ" ಎಂದಳು ಕೊನೆಗೆ. "ಹೊರಗಿನಿಂದ ಹೊಳಿಯೋದು ಕಂಡ್ರ ಬರ್ತಾರ."

ಆರಿಸಿದೆ. ನಿಜ ಹೇಳುತ್ತೇನೆ, ಅಷ್ಟು ಚೆಂದದ ಕತ್ತಲನ್ನು ನಾನು ನೋಡಿರಲಿಲ್ಲ. ಸುಣ್ಣ ಉದುರುವ ನಮ್ಮ ಹಳೆಯ ಜಂತಿಯ ತುಂಬ ನಕ್ಷತ್ರ. ಹುಡುಗಿಯರಿಬ್ಬರೂ ಬಾಯಿ ತೆರೆದು ನಿಂತುಬಿಟ್ಟರು.

ಆದರೆ ಆ ದಿನ ಊರಿಗೆ ಯಾರೋ ಮಂತ್ರಿಗಳು ಬಂದಿದ್ದರಂತೆ. ಎಂದೂ ಇಲ್ಲದ್ದು, ಅಂದು ಕರೆಂಟು ಹೋಗಲಿಲ್ಲ. ಓಣಿಯೆಲ್ಲ ಝಗಝಗ, ನಮ್ಮ ಮನೆ ಒಂದೇ ಕಗ್ಗತ್ತಲು. ಬಾಗಿಲು ತೆರೆದಿದೆ. ಒಳಗೆ ದೀಪ ಕಾಣುತ್ತಿಲ್ಲ. ಕಟ್ಟೆಯ ಮೇಲೆ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಮನೆಯಲ್ಲಿ ಜ್ವರದ ಮುದುಕರು. ಸಾವಿತ್ರಮ್ಮ ಬಂದು "ಏನಾತ್ರಿ?" ಎಂದು ಕೇಳಿದ್ದಾರೆ. ಅತ್ತೆ ಮೌನ. ಬರೀ ಮುಖ ಆಚೆ ತಿರುಗಿಸಿದ್ದಾರೆ. ಇನ್ನೇನು ಬೇಕು?

ಎಷ್ಟು ಬೇಗ ಬಂದರು ಅಂತೀರಿ. ಒಲೆ ಮೇಲಿನ ಅನ್ನ ಹಾಗೇ ಬಿಟ್ಟು ಬಂದರು. ಚಪ್ಪಲಿಗಳ ಸದ್ದು ಕೇಳಿ ಶಾರಿ ಕುಣಿದಳು.

"ಅಮ್ಮಾ, ಬಂದ್ರು. ಎಲ್ಲಾರೂ ಬಂದ್ರು."

ಆ ದನಿ ಈಗಲೂ ನನ್ನ ಕಿವಿಯಲ್ಲಿದೆ. ನನ್ನ ಸಿಟ್ಟು ಇನ್ನೂ ಇಳಿಯದಿರುವುದು ಆ ದನಿಯಿಂದ.

ಬಾಗಿಲಿಗೆ ಓಡಿದವಳೇ "ಬರ್ರಿ, ಬರ್ರಿ" ಎನ್ನುತ್ತ ಬಂದವರ ಕೈಗೆಲ್ಲ ಒಂದೊಂದು ರೇಡಿಯಂ ನಕ್ಷತ್ರ ಇಟ್ಟಳು. ಬಸಮ್ಮಕ್ಕ ಅವಳನ್ನು ಬಾಚಿ ತಬ್ಬಿಕೊಂಡು "ತಾತ ಹೋದನಲ್ಲವ್ವಾ ಕೂಸೇ" ಎಂದು ಅಳತೊಡಗಿದರು. ನಾನು ಅಡಿಗೆ ಮನೆಯಿಂದ ಬರುವಷ್ಟರಲ್ಲಿ ಸಾವಿತ್ರಮ್ಮ ಮಂಚದ ಪಕ್ಕ ಕೂತಾಗಿತ್ತು. ಅವರ ಕೈಯಲ್ಲಿ ಗಂಗೆಯ ಗಿಂಡಿ. ಕಾಶಿಯಿಂದ ತಂದು, ತಮ್ಮ ಕೊನೆಗಾಲಕ್ಕೆಂದು ಬೆಸುಗೆ ಹಾಕಿಸಿ ದೇವರ ಗೂಡಿನಲ್ಲಿಟ್ಟ ತಾಮ್ರದ ಗಿಂಡಿ. ಅದನ್ನು ಒಡೆದು ತಂದಿದ್ದರು. ಮಾವನವರ ತುಟಿಗೆ ಬಿಟ್ಟರು.

ಮಾವನವರು ಕೆಮ್ಮಿದರು.

"ಯಾರದು? ಇಷ್ಟು ತಣ್ಣನ್ನ ನೀರು ಯಾಕ ಹಾಕ್ತೀರಿ?" ಎಂದು ನಕ್ಷತ್ರಗಳ ಸಮೇತ ಎದ್ದು ಕೂತರು.

ಆಮೇಲಿನ ಗದ್ದಲವನ್ನು ನಾನು ವರ್ಣಿಸುವುದಿಲ್ಲ. ಒಂದು ಚೊಂಬು ಉರುಳಿತು, ಯಾರದೋ ಬಳೆ ಒಡೆಯಿತು, ನಾನು ಹೋಗಿ ಲೈಟು ಹಾಕಿದೆ. ಹಾಕಿದ ಕೂಡಲೇ ನಕ್ಷತ್ರಗಳೆಲ್ಲ ಮಜ್ಜಿಗೆಯ ಬಣ್ಣದ ಕಾಗದದ ಚೂರುಗಳಾದವು.

ಇಷ್ಟಾದ ಮೇಲಾದರೂ ನಕ್ಕು ಕೂರಬಹುದಿತ್ತಲ್ಲ? ಎಲ್ಲರೂ ಬಂದಿದ್ದಾರೆ, ಬಜ್ಜಿ ಬಿಸಿಯಾಗಿದೆ, ಹುಡುಗಿ ಹೊಸ ಲಂಗದಲ್ಲಿ ನಿಂತಿದ್ದಾಳೆ. "ಕೂಡ್ರಿ, ಕುಂಕುಮ ತೊಗೊಂಡು ಹೋಗ್ರಿ" ಎಂದೆ. ಸಾವಿತ್ರಮ್ಮ ತಡೆದರು.

"ಸಾವಿನ ಮನಿಗಿ ಅಂತ ಹೊರಟು ಬಂದೀವ್ರಿ. ತಲಿ ಮ್ಯಾಲ ನೀರು ಹಾಕ್ಕೊಳ್ಳದ ಕುಂಕುಮ ಹ್ಯಾಂಗ ತೊಗೊಳ್ಳೋದು? ಬಾಯಿಗಿ ಏನರ ಹ್ಯಾಂಗ ಹಾಕ್ಕೊಳ್ಳೋದು?"

"ಸಾವು ಆಗಿಲ್ಲಲ್ರಿ."

"ಆಗಿಲ್ಲ ಖರೆ. ಆದ್ರ ನಾವು ಬಂದೀವಲ್ಲ."

ಹೋದರು. ಹೋಗುವಾಗ ಓಣಿಗೆಲ್ಲ ಕೇಳುವಂತೆ ನನಗೇ ಬುದ್ಧಿ ಹೇಳಿದರು, ಮುದುಕರಿರುವ ಮನೆಯಲ್ಲಿ ಕತ್ತಲು ಮಾಡಬಾರದಂತೆ. ಶಾರಿ ಕೊಟ್ಟ ನಕ್ಷತ್ರಗಳನ್ನು ಬಾಗಿಲ ಬಳಿಯ ಗೂಡಿನಲ್ಲಿ ಇಟ್ಟು ಹೋದರು.

ಕಥೆ ಮುಗಿಯಲಿಲ್ಲ. ಬಸಮ್ಮಕ್ಕ ಗಾಬರಿಯಲ್ಲಿ ಮಿಲ್ಲಿನ ಜೀಪನ್ನು ಕೌತಾಳಂಗೆ ಅಟ್ಟಿಬಿಟ್ಟಿದ್ದರು. ಬಸ್ಸಿನಲ್ಲಿ ಜಾಗವಿಲ್ಲದ ನನ್ನ ನಾದಿನಿ ಜೀಪಿನಲ್ಲಿ ಅಳುತ್ತ ಬಂದಿಳಿದಳು. ಅಪ್ಪ ಮಂಚದ ಮೇಲೆ ಕೂತು, ಡಾಕ್ಟರು ಬೇಡವೆಂದ ಮೆಣಸಿನಕಾಯಿ ಬಜ್ಜಿಯನ್ನು ಶಾರಿ, ಶಾಹೀನರ ಜೊತೆ ತಿನ್ನುತ್ತಿದ್ದರು. ಅವಳನ್ನು ನೋಡಿ, "ಬಾ ಬಾ. ನಾನು ಹೋದ್ರ ಎಷ್ಟು ಮಂದಿ ಬರ್ತಾರ ಅಂತ ಗೊತ್ತಾತು. ಸಮಾಧಾನ ಆತು" ಎಂದರು.

ಜಪ ಮುಗಿಸಿ ಒಳಗೆ ಬಂದ ಅತ್ತೆಯ ಮೇಲೆ ನಾನು ಹರಿಹಾಯ್ದೆ. ಒಂದು ಸನ್ನೆಯನ್ನಾದರೂ ಮಾಡಬಾರದಿತ್ತೇ? ಅಷ್ಟಕ್ಕೂ ಯಾಕೆ ಅಳುತ್ತಿದ್ದಿರಿ ಎಂದು ಕೇಳಿದೆ.

"ಕೂಸು ಬಾಗಲಿಗಿ ಬಂದು ಬಂದು ನೋಡ್ತಿತ್ತಲ್ಲವಾ" ಎಂದರು. "ನೋಡಲಿಕ್ಕ ಆಗಲಿಲ್ಲ."

ಪಾರ್ಟಿ ಬೇಡ ಎಂದು ಹೊರಗೆ ಹೋಗಿ ಕೂತವರಿಗೆ ಆಗಿದ್ದ ಸಂಕಟ, ಮನೆಗೊಂದು ಮಗುವಿರುವ ಉಳಿದವರಿಗೆ ಯಾಕೆ ಆಗಲಿಲ್ಲ?

ನಮ್ಮ ಓಣಿಯವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನಾನು ಈ ಅಂಕಣವನ್ನೇ ಬರೆಯುತ್ತಿರಲಿಲ್ಲ. ತಮ್ಮ ಸಾವಿಗೆಂದು ಇಟ್ಟುಕೊಂಡ ಗಂಗೆಯನ್ನು ಪಕ್ಕದ ಮನೆಯವರಿಗೆ ಒಡೆದು ತರುವ ಹೆಂಗಸು ಕೆಟ್ಟವಳಾಗಲು ಸಾಧ್ಯವೇ? ಕೇಳದೆ ಜೀಪು ಕಳಿಸುವವರು? ಅಷ್ಟೊಂದು ಒಳ್ಳೆಯತನ ಎದುರು ಮನೆಯಲ್ಲಿ, ಪಕ್ಕದ ಮನೆಯಲ್ಲಿ ತುಂಬಿಕೊಂಡಿದೆ. ಆದರೆ ಅದು ಹೊರಗೆ ಬರಲು ಒಂದು ಹೆಣ ಬೇಕು. ಒಂದು ಹೆಣ್ಣು ಮಗುವಿನ ಖುಷಿಗೆ ಅದರಲ್ಲಿ ಒಂದು ಹನಿಯೂ ಇಲ್ಲ. ಕಣ್ಣೀರಿಗೆ ಕರೆಯದೆಯೇ ಬರುತ್ತೇವೆ, ನಗುವಿಗೆ ಕುಂಕುಮ ಕೊಟ್ಟು ಕರೆದರೂ ಕಾರಣ ಹುಡುಕುತ್ತೇವೆ. ಹೀಗೆ ಬದುಕುವುದನ್ನು ನಮಗೆ ಯಾರು ಕಲಿಸಿದರು?

ಶನಿವಾರ ಬೆಳಿಗ್ಗೆ ನಾನು ಸ್ಟೂಲಿನ ಮೇಲೆ ನಿಂತು ಜಂತಿಯ ನಕ್ಷತ್ರ ಕೀಳುತ್ತಿದ್ದೆ. ಶಾರಿ ಕೆಳಗೆ ಕೂತು ಒಂದೊಂದನ್ನೇ ಡಬ್ಬಿಗೆ ಹಾಕುತ್ತಿದ್ದಳು. ಅಳಲಿಲ್ಲ, ಯಾರನ್ನೂ ಬಯ್ಯಲಿಲ್ಲ. ಲೆಕ್ಕದ ಸುಲಭ ದಾರಿ ಸಿಕ್ಕವಳ ಹಾಗೆ ಹೇಳಿದಳು:

"ಅಮ್ಮಾ, ಮುಂದಿನ ವರ್ಷ ಕುಂಕುಮ ಹಿಡ್ಕೊಂಡು ಕರೀಲಿಕ್ಕ ಹೋಗಬ್ಯಾಡ. ತಾತ ಸತ್ತಾನಂತ ಹೇಳು, ಎಲ್ಲಾರೂ ಬರ್ತಾರ."

ನೀವು ಯಾರಾದರೂ ಬಂದು ಇವಳಿಗೆ ಹಾಗಲ್ಲ ಎಂದು ಹೇಳುತ್ತೀರಾ?