ವಿಮಾನಕ್ಕೆ ಹತ್ತಿದ ಒರಲೆ

ನಿಮ್ಮ ಅಜ್ಜನ ನೌಕರಿ ಉಳಿದದ್ದು ಒಂದು ಯುದ್ಧವಿಮಾನದಿಂದ. ಹೇಳಿದರೆ ನಗುತ್ತೀರಿ ಎಂದು ಬರೆಯುತ್ತಿದ್ದೇನೆ.

ಆಗ ನಾವು ಗೋಪನಕೊಪ್ಪದಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ಅವರು ಹುಬ್ಬಳ್ಳಿಯ ಒಂದು ತಾಂತ್ರಿಕ ಶಾಲೆಯಲ್ಲಿ ಹುಡುಗರಿಗೆ ಬಡಗಿತನ ಕಲಿಸುತ್ತಿದ್ದರು. ನೌಕರಿ ಕಾಯಂ ಆಗಿರಲಿಲ್ಲ. ಆ ವರ್ಷ ಕಟ್ಟಿಗೆ ವಿಭಾಗವನ್ನೇ ಮುಚ್ಚುವುದೆಂದು ಗೊತ್ತಾಯಿತು. ವರ್ಕ್‌ಶಾಪಿನ ಹಿರಿಯ ಮಾಸ್ತರರು ಒಳ್ಳೆಯವರು, ಕರೆದು ಮೆಲ್ಲಗೆ ಹೇಳಿದ್ದರು. "ಇನ್ನ ಕಬ್ಬಿಣದ ಕಾಲ ಬಂತು ಮಿಸ್ತ್ರಿ. ದೀಪಾವಳಿತನಕ ಅಷ್ಟ ನೋಡ್ರಿ."

ಆ ಕಬ್ಬಿಣದ ಕಾಲಕ್ಕೆ ಗುರುತಾಗಿ ಶಾಲೆಯ ಅಂಗಳದಲ್ಲಿ ಒಂದು ಜೆಟ್ ವಿಮಾನ ನಿಂತಿತ್ತು. ವಾಯುಸೇನೆಯವರು ಹಾರಿಸಿ ಹಳೆಯದಾದ ಮೇಲೆ ಹುಡುಗರು ನೋಡಿ ಕಲಿಯಲೆಂದು ಕೊಟ್ಟದ್ದು. ಲಾರಿಯಲ್ಲಿ ಬಂದು ಒಂದು ಮಳೆಗಾಲ ಕಳೆದಿತ್ತು.

ದಸರೆಯಲ್ಲಿ ಕೆಲಸದ ಹತ್ಯಾರಗಳಿಗೆ ಮಾಡುವ ಖಂಡೇಪೂಜೆಗೆ ಎಲ್ಲರ ಮನೆಯವರನ್ನೂ ಕರೆದಿದ್ದರು. ಅಷ್ಟು ಜನರ ನಡುವೆ ನಿಲ್ಲಲು ನನಗೆ ನಾಚಿಕೆ. ವಿಮಾನದ ಮುಂದಿನ ಗಾಲಿಯ ಮರೆಗೆ ಹೋಗಿ ಕೂತೆ. ಅಲ್ಲೇ ಕಂಡಿತು. ನೆಲದಿಂದ ಗಾಲಿಯ ಮೇಲೆ ಹತ್ತಿ, ಮೂತಿಯ ಒಳಗೆ ಹೋಗಿದ್ದ ಕಿರುಬೆರಳಷ್ಟು ದಪ್ಪದ ಮಣ್ಣಿನ ಗೆರೆ. ನಮ್ಮಪ್ಪ ಚಕ್ಕಡಿ ಮಾಡುವ ಬಡಿಗ. ಕಟ್ಟಿಗೆಗೆ ಒರಲೆ, ಅಂದರೆ ಗೆದ್ದಲು, ಕಟ್ಟುವ ಅಂಥ ಗೆರೆಯನ್ನು ಕೆರೆದು ಹಾಕುವುದು ನನಗೆ ಸಣ್ಣಂದಿನ ಕೆಲಸವಾಗಿತ್ತು. ಮನೆಗೆ ಹೋಗುವ ದಾರಿಯಲ್ಲಿ ನಿಮ್ಮ ಅಜ್ಜನಿಗೆ ಹೇಳಿದೆ.

"ಏನ್ರಿ, ಆ ವಿಮಾನಕ್ಕ ಒರಲಿ ಹತ್ತೈತ್ರಿ."

"ಕಬ್ಬಿಣಾ ತಿನ್ನೂ ಒರಲಿ ಎಲ್ಲಿ ನೋಡೀದಿ? ನಿಮ್ಮಪ್ಪನ ಊರಾಗೇನು?"

"ನಮ್ಮೂರ ಒರಲಿ ಕಟಗಿ ಬಿಟ್ಟು ಬ್ಯಾರೆ ತಿನ್ನೂದಿಲ್ರಿ. ನಾಳೆ ಬಡದು ನೋಡ್ರಿ."

ಮರುದಿನ ಬಡಿದು ನೋಡಿದರು. ಬಾಲದ ಕಡೆ ತಗಡಿನ ಸದ್ದು, ಮೂತಿಯ ಕಡೆ ಕಟ್ಟಿಗೆಯ ಸದ್ದು. ಮಾಸ್ತರರಿಗೆ ಹೇಳಿದರೆ ಅವರು ನಕ್ಕರಂತೆ. "ನೌಕ್ರಿ ಚಿಂತ್ಯಾಗ ನಿಮಗ ಎಲ್ಲಾ ಕಟಗೀನ ಕಾಣಾಕತ್ತೈತಿ, ಮಿಸ್ತ್ರಿ." ನಗುತ್ತಲೇ ಹೆಬ್ಬೆರಳಿನಿಂದ ಒತ್ತಿದರು. ಬೆರಳು ಒಳಗೆ ಹೋಯಿತು. ಬೆರಳು ಹೊರಗೆ ತೆಗೆದು, "ನಿಮ್ಮ ಹತ್ಯಾರ ಪೆಟಗಿ ತರ್ರಿ" ಎಂದರು.

ಆ ವಿಮಾನದ ಹೆಸರು ವ್ಯಾಂಪೈರ್. ಅದರ ಮುಂಭಾಗವೆಲ್ಲ ಕಟ್ಟಿಗೆ: ಎರಡು ತೆಳು ಹಲಗೆ, ನಡುವೆ ಹತ್ತಿಯಷ್ಟು ಹಗುರಾದ ಇನ್ನೊಂದು ಕಟ್ಟಿಗೆ, ಮೇಲೆ ಬಟ್ಟೆ ಅಂಟಿಸಿ ಬಣ್ಣ. ಅಷ್ಟು ದಿನ ಶಾಲೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ದೀಪಾವಳಿ ಹೋಯಿತು, ಸಂಕ್ರಾಂತಿ ಬಂತು, ಅವರು ಹುಡುಗರನ್ನು ಕಟ್ಟಿಕೊಂಡು ಅದನ್ನೇ ದುರಸ್ತಿ ಮಾಡುತ್ತಿದ್ದರು. ಬಣ್ಣ ಕೆರೆದರೆ ಒಂದು ನಂಬರಿನ ಕೆಳಗೆ ಇನ್ನೊಂದು ನಂಬರು. ಮಾಸ್ತರರು ಕಾಗದ ಬರೆದು ವಿಚಾರಿಸಿದರು. ಸಾಮಾನು ವಿಲಾಯಿತಿಯದು, ಜೋಡಿಸಿದ್ದು ಬೆಂಗಳೂರಿನಲ್ಲಿ. ಮೊದಲು ಕಾವಲಿನ ಪಡೆಯಲ್ಲಿ ಹಾರಿತ್ತು, ಆಮೇಲೆ ಹೊಸ ಪೈಲಟ್‌ಗಳ ಕಲಿಕೆಗೆ ಹೋಗಿತ್ತು. ಕೈ ಬದಲಾದಂತೆ ನಂಬರು ಬದಲಾಗಿತ್ತು.

ಒಂದು ಸಂಜೆ ಅವರು ಕಿತ್ತುಹಾಕಿದ ಹಲಗೆಯ ತುಂಡೊಂದನ್ನು ತಂದು ನನಗೆ ತೋರಿಸಿದರು. ಒಳಮೈಯಲ್ಲಿ ಪೆನ್ಸಿಲ್ಲಿನಿಂದ ಅಳತೆ ಬರೆದಿತ್ತು, ಕನ್ನಡದ ಅಂಕಿಗಳಲ್ಲಿ.

"ನೋಡ, ಇಲ್ಲೂ ನನ್ನಂಥಾ ಬಡಿಗ ಒಬ್ಬಾಂವ ಕುಂತಿದ್ದ" ಎಂದರು. ಅವರ ಮುಖದಲ್ಲಿ ಅಷ್ಟು ಸಮಾಧಾನ ನಾನು ಆ ವರ್ಷ ಕಂಡಿರಲಿಲ್ಲ.

ಆ ದುರಸ್ತಿ ನೋಡಿದ ಮೇಲೆ ಶಾಲೆಯವರು ಕಟ್ಟಿಗೆ ವಿಭಾಗವನ್ನು ಮುಚ್ಚಲಿಲ್ಲ. ನೌಕರಿ ಕಾಯಂ ಆದ ಸುದ್ದಿಯನ್ನು ಮಾಸ್ತರರೇ ಮನೆಗೆ ಬಂದು ಹೇಳಿದರು. ಒರಲೆ ಕಂಡದ್ದು ನಾನೆಂದು ನಿಮ್ಮ ಅಜ್ಜ ಮೊದಲೇ ಅವರಿಗೆ ಹೇಳಿದ್ದರು. ಬೇರೆ ಗಂಡಸಾಗಿದ್ದರೆ ಹೇಳುತ್ತಿದ್ದನೋ ಇಲ್ಲವೋ.

"ಎಲ್ಲಿ ಆ ತಂಗಿ? ನಮಗ ಯಾರಿಗೂ ಕಾಣದ್ದು ಆಕಿಗೆ ಕಂಡೈತಿ. ಹೊರಗ ಬಾರವಾ."

ನಾನು ಬಾಗಿಲ ಮರೆಯಿಂದ ಬರಲಿಲ್ಲ. ಚಹಾವನ್ನು ನಿಮ್ಮ ಅಜ್ಜನ ಕೈಯಲ್ಲಿ ಕಳಿಸಿದೆ. ಮಾಸ್ತರರು ಕುಡಿದು ಬಾಗಿಲಿಗೇ ಹೇಳಿದರು. "ಚಾ ಛಲೋ ಆಗೈತಿ, ತಂಗಿ."

ನಿಮ್ಮ ಅಪ್ಪನ ಸಾಲಿ, ಅತ್ತೆಯ ಮದುವೆ, ಈ ಮನೆ, ಎಲ್ಲ ಆ ನೌಕರಿಯಿಂದ ಆದದ್ದು. ಅವತ್ತು ಮಾಸ್ತರರಿಗೆ ಉಪಕಾರವಾಯಿತೆಂದು ನಾನೊಂದು ಮಾತು ಹೇಳಬೇಕಿತ್ತು. ನೀವು ಓದುವಾಗ ಅದನ್ನು ನನ್ನ ಪರವಾಗಿ ಅಂದುಬಿಡಿ. ಹಿಟ್ಟಿನ ಡಬ್ಬಿಯ ಮೇಲೆ ಮುಚ್ಚಿದ ಹಲಗೆ ಆ ವಿಮಾನದ್ದೇ. ತಿರುವಿ ನೋಡಿ, ಅಂಕಿಗಳು ಇನ್ನೂ ಕಾಣುತ್ತವೆ.