ಹಿತ್ತಾಳೆ ಬಿಲ್ಲೆ ಮತ್ತು ಒಂದು ಫ್ರೆಂಚ್ ಸಿನಿಮಾ

ಅನುಮಾನ ನನ್ನ ಹುಟ್ಟುಗುಣ. ಕೊತ್ತಂಬರಿ ಕಟ್ಟನ್ನು ಮೂಸಿ ನೋಡದೆ ಬುಟ್ಟಿಗೆ ಹಾಕಿದವಳಲ್ಲ ನಾನು. ಲಾಸ್ ಏಂಜಲೀಸ್ ಪಕ್ಕದ ಎಲ್ ಸೆಗುಂಡೋದಿಂದ ಗಂಡ ಫೋನ್ ಮಾಡಿ ಊಟ ಆಯ್ತು ಅಂದರೆ, ಏನು ತಿಂದೆ, ಯಾರ ಜೊತೆ ತಿಂದೆ ಎಂದು ಕೇಳದೆ ಬಿಟ್ಟವಳೂ ಅಲ್ಲ. ಅವನ ಆಫೀಸು ಅಲ್ಲಿ, ನನ್ನ ಆಫೀಸೂ ಮನೆಯೂ ಎರಡು ಗಂಟೆ ದೂರದ ಸ್ಯಾನ್ ಡಿಯೇಗೋದಲ್ಲಿ. ಸೋಮವಾರ ಹೋದರೆ ಶುಕ್ರವಾರ ಬರುತ್ತಾನೆ. ಹಾಗಾಗಿ ಕೋವಿಡ್ ಕಳೆದ ಮೇಲೆ ಮಾವ ಆರು ತಿಂಗಳಿಗೆಂದು ನಮ್ಮ ಕಾರ್ಮೆಲ್ ವ್ಯಾಲಿ ಮನೆಗೆ ಬಂದಾಗ, ವಾರವಿಡೀ ಮನೆಯಲ್ಲಿ ಮುಖ ಮುಖ ನೋಡಿಕೊಂಡು ಇರುತ್ತಿದ್ದವರು ನಾವಿಬ್ಬರೇ.

ಮಾವ ರಾಯಚೂರು ಕಡೆಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ದುಡಿದವರು. ರೆಸ್ಕ್ಯೂ ಟೀಮಿನಲ್ಲಿದ್ದೆ, ನೆಲದೊಳಗೆ ಸಿಕ್ಕಿಕೊಂಡವರನ್ನು ಬೆನ್ನ ಮೇಲೆ ಹೊತ್ತು ತಂದಿದ್ದೇನೆ ಎನ್ನುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ನಂಬಿದ್ದೆ ಎಂದು ಹೇಳಲಾರೆ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಗ್ಯಾರೇಜಿನ ವಿಷಯ. ಸಂಜೆ ನಾನು ಕಾರು ಒಳಗೆ ತರುವಷ್ಟರಲ್ಲಿ ಅವರು ಅಡುಗೆಮನೆ ಬಾಗಿಲು ತೆಗೆದು ಅಲ್ಲಿ ನಿಂತಿರುತ್ತಿದ್ದರು. ನನ್ನ ಮುಖವನ್ನೇ ದಿಟ್ಟಿಸಿ ನೋಡಿ, “ಬಂದಿ ಯವ್ವಾ?” ಎಂದು ಕೇಳಿ ಒಳಗೆ ಹೋಗುತ್ತಿದ್ದರು. ಡೆಲ್ ಮಾರ್ ಕಡಲ ದಂಡೆಯಲ್ಲಿ ಅರ್ಧ ಗಂಟೆ ನಡೆದು ಬಂದ ದಿನವೂ ಅಲ್ಲೇ. ಅಯ್ಯೋ, ಇದು ಕಾವಲು! ನಾನು ಎಷ್ಟು ಹೊತ್ತಿಗೆ ಬಂದೆ ಎಂದು ಮಗನಿಗೆ ವರದಿ ಹೋಗುತ್ತಿದೆ ಎಂದುಕೊಂಡೆ. ಯಾರು ಎಲ್ಲಿದ್ದಾರೆಂದು ಇಬ್ಬರ ಫೋನಿನಲ್ಲೂ ತೋರಿಸುವ ಆ್ಯಪ್ ಹಾಕಿಕೊಟ್ಟು, “ಮಾವ, ಈ ನೀಲಿ ಚುಕ್ಕಿ ನಾನು. ಇದು ಮನೆ ಮೇಲೆ ಬಂದ್ರೆ ನಾನು ಬಂದಿದೀನಿ ಅಂತ ಅರ್ಥ. ನೀವು ಎದ್ದು ಬರೋದು ಬೇಡ,” ಎಂದೆ. “ಆತವಾ,” ಎಂದರು. ಮರುದಿನ ಮತ್ತೆ ಅಲ್ಲೇ ನಿಂತಿದ್ದರು.

ಆಮೇಲೆ ಬಿಲ್ಲೆ ಸಿಕ್ಕಿತು. ಬಟ್ಟೆ ಒಗೆಯಲು ಹಾಕುವಾಗ ಅವರ ಅಂಗಿ ಜೇಬಿನಿಂದ ಹಿತ್ತಾಳೆಯ ಬಿಲ್ಲೆಯೊಂದು ಉರುಳಿತು. ಅದರ ಮೇಲೆ ಒಂದು ನಂಬರು. ಬಿಲ್ಲೆಯ ಕತೆಯನ್ನು ಅವರೇ ನನಗೆ ಹೇಳಿದ್ದರು: ಗಣಿಗೆ ಇಳಿಯುವವನು ಬೋರ್ಡಿನಿಂದ ತನ್ನ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಅದೇ ಮೊಳೆಗೆ ತೂಗುಹಾಕಬೇಕು. ಬೋರ್ಡ್ ನೋಡಿದರೆ ಸಾಕು, ಒಳಗೆ ಯಾರಿದ್ದಾರೆ ಎಂದು ತಿಳಿಯುತ್ತದೆ. ಆದರೆ ಅವರ ಪೆನ್ಷನ್ ಕಾಗದಗಳನ್ನು ಸ್ಕ್ಯಾನ್ ಮಾಡಿದವಳು ನಾನು. ಅವರ ನಂಬರು ಬೇರೆ.

“ಇದು ಯಾರ್ದು ಮಾವ?” ಎಂದು ಕೇಳಿದೆ. ಕೈಯಿಂದ ಕಿತ್ತುಕೊಂಡರು. “ನಂದಾ ಐತಿ, ಬಿಡವಾ,” ಎಂದರು. ಹಸಿ ಸುಳ್ಳು!

ಆ ದಿನವೇ ಗಂಡನಿಗೆ ಫೋನ್ ಹಚ್ಚಿದೆ. “ನಿಮ್ಮಪ್ಪ ಸುಳ್ಳು ಹೇಳ್ತಾರೆ ಕಣೋ. ಯಾರ್ದೋ ಬಿಲ್ಲೆ ಎತ್ಕೊಂಡು ಬಂದಿದಾರೆ. ರೆಸ್ಕ್ಯೂ ಟೀಮು ಅನ್ನೋದೂ ಬುರುಡೆನೇ ಇರ್ಬೇಕು. ಮೇಲಿಂದ ನನ್ನ ಮೇಲೆ ಕಾವಲು ಬೇರೆ. ಮುಂದಿನ ವರ್ಷ ಕರೆಸೋದು ಬೇಡ.”

“ಹಳೇ ಕಾಲದ್ದು ಬಿಡೇ,” ಎಂದ. ನಾನು ಬಿಡಲಿಲ್ಲ. ಕೊನೆಗೆ, “ನಿನ್ನಿಷ್ಟ,” ಎಂದು ಫೋನ್ ಇಟ್ಟ. ಅಲ್ಲಿಗೆ ಮಾವನಿಗೆ ನಮ್ಮ ಮನೆಯ ಬಾಗಿಲು ಮುಚ್ಚಿದಂತೆಯೇ.

ಅದೇ ತಿಂಗಳು ಲಾಸ್ ಏಂಜಲೀಸಿನಲ್ಲಿ ಫ್ರೆಂಚ್ ಸಿನಿಮಾಗಳ ಪ್ರದರ್ಶನವಿತ್ತು. ಅದರಲ್ಲೊಂದು ಗಣಿಯೊಳಗೆ ಸಿಕ್ಕಿಬಿದ್ದವರನ್ನು ಹೊರತೆಗೆಯುವ ಕತೆ. ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಟಿಕೆಟ್ ಬುಕ್ ಮಾಡಿದೆ. ಮಾವನಿಗೆ ಫ್ರೆಂಚ್ ಬರದು, ಕೆಳಗೆ ಬರುವ ಇಂಗ್ಲಿಷನ್ನು ಓದುವ ವೇಗವೂ ಇಲ್ಲ. ನಾನು ಕಿವಿಯಲ್ಲಿ ಹೇಳುತ್ತಾ ಹೋಗುವುದು, ಕತ್ತಲಲ್ಲಿ ಅವರ ಮುಖ ನೋಡುವುದು. ಗಣಿಯೊಳಗೆ ಇಳಿದವರಲ್ಲದಿದ್ದರೆ ಎಲ್ಲಾದರೂ ಎಡವಿಯೇ ಎಡವುತ್ತಾರೆ. ಸಿನಿಮಾಕ್ಕೆ ಕರೆದೊಯ್ಯುತ್ತೇನೆ ಅಂದಾಗ ಮಾವನಿಗೆ ಎಷ್ಟು ಖುಷಿಯಾಯಿತೆಂದರೆ, ಇಸ್ತ್ರಿ ಅಂಗಿ ಹಾಕಿಕೊಂಡು ಎರಡು ಗಂಟೆ ಮೊದಲೇ ಸೋಫಾದಲ್ಲಿ ಕೂತಿದ್ದರು.

ಸಿನಿಮಾ ಶುರುವಾಯಿತು. ರಕ್ಷಣೆಗೆ ಇಳಿದವರು ಸುರಂಗದಲ್ಲಿ ಓಡತೊಡಗಿದರು. “ಹಿಂಗ ಯಾರೂ ಓಡಂಗಿಲ್ಲವಾ,” ಎಂದರು ಮಾವ. “ಮೊದಲ ಕಬ್ಬಿಣದ ಸಲಾಕಿಲೆ ಮ್ಯಾಲಿನ ಬಂಡಿಗಲ್ಲು ಬಡದು ಕೇಳ್ತಾರ. ಟಣ್ ಅಂದ್ರ ಗಟ್ಟಿ. ದಬ್ ಅಂದ್ರ ಹಿಂದಕ್ಕ ಸರೀಬೇಕು.” ಗಣಿಯ ಕ್ಯಾಂಟೀನಿನಲ್ಲಿ ಚಹಾ ಮಾಡುವವನಿಗೂ ಇಷ್ಟು ಗೊತ್ತಿರುತ್ತದೆ ಎಂದುಕೊಂಡೆ.

ಆಮೇಲೆ ಒಂದು ದೃಶ್ಯ ಬಂತು. ಗಣಿಯ ಬಾಯಲ್ಲಿ ಅಧಿಕಾರಿಯೊಬ್ಬ ನಂಬರುಗಳ ಬೋರ್ಡಿನ ಮುಂದೆ ನಿಂತು, ಖಾಲಿ ಮೊಳೆಗಳ ನಂಬರನ್ನು ಒಂದೊಂದಾಗಿ ಓದುತ್ತಾನೆ. ಹೊರಗೆ ಹೆಂಗಸರು ಉಸಿರು ಬಿಗಿಹಿಡಿದು ಕೇಳುತ್ತಿದ್ದಾರೆ. ನಾನು ಕನ್ನಡದಲ್ಲಿ ಹೇಳುವ ಮೊದಲೇ ಮಾವ ಎದ್ದು ನಿಂತರು. ಹಿಂದಿನವರು ಗೊಣಗಿದರು. ಸೀಟುಗಳನ್ನು ಹಿಡಿದುಕೊಂಡು ಹೊರಗೆ ನಡೆದೇಬಿಟ್ಟರು. ಸುಳ್ಳು ಬಯಲಾಯಿತು, ಸಿಕ್ಕಿಬಿದ್ದರು ಎಂದುಕೊಂಡು ಹಿಂದೆಯೇ ಹೋದೆ.

ಲಾಬಿಯ ಬೆಂಚಿನಲ್ಲಿ ಕೂತಿದ್ದರು. ಬಿಲ್ಲೆ ಅಂಗೈಯಲ್ಲಿತ್ತು.

“ಇದು ನನ್ನ ದೋಸ್ತಂದು,” ಎಂದರು. “ಶಿಫ್ಟ್ ಮುಗದು ಮ್ಯಾಲೆ ಬರಾಕ ನಿಂತಿದ್ವಿ. ಬುತ್ತಿ ಡಬ್ಬಿ ಮರತು ಬಂದೀನಿ, ತರ್ತೀನಿ, ನನ್ನ ಬಿಲ್ಲೀನೂ ನೀನಾ ಹಾಕಿಬಿಡು ಅಂದ. ಬಸ್ ತಪ್ಪಬಾರದಂತ ನಾವೆಲ್ಲಾ ಹಂಗಾ ಮಾಡ್ತಿದ್ವಿ. ಮ್ಯಾಲೆ ಬಂದು ಎರಡೂ ಹಾಕಿದೆ, ಮನಿಗೆ ಹೋದೆ. ನಾ ಹೋದ ಮ್ಯಾಲೆ ಒಳಗ ಬಂಡಿಗಲ್ಲು ಸಿಡದು ಕುಸೀತು. ಸಾಹೇಬ್ರು ಬೋರ್ಡ್ ನೋಡಿದ್ರು. ಎಲ್ಲಾ ಬಿಲ್ಲಿ ಅದಾವು. ಒಳಗ ಯಾರೂ ಇಲ್ಲಂತ ಸುಮ್ಮನಾದ್ರು.”

“ಆಮೇಲೆ?”

“ಮುಂಜಾನೆ ಅವನ ಹೆಂಡ್ತಿ ನಮ್ಮ ಬಾಗಲಿಗೆ ಬಂದ್ಲು, ಅವ್ರು ಎಲ್ಲೆದಾರ ಅಂತ. ಓಡಿದೆ. ರೆಸ್ಕ್ಯೂದವರ ಹಿಂದ ನಾನೂ ಇಳದೆ. ಸಿಕ್ಕ.” ಬಿಲ್ಲೆಯನ್ನು ಹೆಬ್ಬೆರಳಿನಿಂದ ಒರೆಸಿದರು. “ಮೈ ಇನ್ನಾ ಬೆಚ್ಚಗಿತ್ತವಾ.”

“ಯಾರಿಗೂ ಹೇಳ್ಲಿಲ್ವಾ?” ಎಂದೆ.

“ಅವನಾ ತನ್ನ ಬಿಲ್ಲಿ ಹಾಕಿ ತಿರುಗಿ ಇಳದಾನ ಅಂತ ಸಾಹೇಬ್ರು ಬರಕೊಂಡ್ರು. ನಾ ಬಾಯಿ ಬಿಡಲಿಲ್ಲ. ಬೋರ್ಡಿನಿಂದ ಇದನ್ನ ಕಿತ್ಕೊಂಡು ಬಂದೆ. ಮುಂದ ಆ ಟೀಮಿಗೆ ಸೇರಿದೆ. ಆವತ್ತಿಂದ ಬೋರ್ಡ್ ನಂಬೂದು ಬಿಟ್ಟೆ. ಮನಷ್ಯಾನ ಮಾರಿ ನೋಡಬೇಕು ನಾ.”

ದಿನಾ ಸಂಜೆ ಅವರು ನನ್ನ ಮುಖ ನೋಡುತ್ತಿದ್ದ ಗ್ಯಾರೇಜು ನೆನಪಾಯಿತು. ನನ್ನ ನೀಲಿ ಚುಕ್ಕಿಯೂ ನೆನಪಾಯಿತು. ಅವರು ಸುಳ್ಳು ಹೇಳಿದ್ದು ನಿಜವೇ, ನನ್ನ ಅನುಮಾನ ತಪ್ಪಿರಲಿಲ್ಲ. ಆದರೂ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ನೀರಿನ ಬಾಟಲಿ ತಂದುಕೊಟ್ಟು ಪಕ್ಕದಲ್ಲಿ ಕೂತೆ. ಸಿನಿಮಾ ಹೇಗೆ ಮುಗಿಯಿತೋ ಇಬ್ಬರಿಗೂ ಗೊತ್ತಿಲ್ಲ.

ಅಲ್ಲಿಂದ ಎಲ್ ಸೆಗುಂಡೋಗೆ ಹೋಗಿ ಗಂಡನನ್ನು ಕಾರಿಗೆ ಹತ್ತಿಸಿಕೊಂಡೆವು. ಡಿಕ್ಕಿಯಲ್ಲಿ ಬ್ಯಾಗ್ ಇಡುವಾಗ ಅವನು ಮೆಲ್ಲಗೆ, “ಏನಾಯ್ತೇ ನಿನ್ನ ಪತ್ತೇದಾರಿ?” ಎಂದು ಕೇಳಿದ.

“ಮುಂದಿನ ವರ್ಷಕ್ಕೆ ಮಾವನ ಟಿಕೆಟ್ ಈಗಲೇ ಬುಕ್ ಮಾಡು,” ಎಂದೆ. ಕಾರಣವನ್ನು ನಾನು ಇವತ್ತಿಗೂ ಅವನಿಗೆ ಹೇಳಿಲ್ಲ.

ಮುಂದಿನ ವಾರ ಒಂದು ಸಂಜೆ ಕಾರು ಒಳಗೆ ತಂದಾಗ ಅಡುಗೆಮನೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಕಾರನ್ನು ಆಫ್ ಮಾಡಿದೆನೋ ಇಲ್ಲವೋ, ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿದೆ. “ಮಾವ! ಮಾವ!” ಕೋಣೆಯಲ್ಲಿಲ್ಲ, ಬಚ್ಚಲಲ್ಲಿಲ್ಲ. ಹಿತ್ತಲಿಗೆ ಓಡಿದೆ. ಕರಿಬೇವಿನ ಕುಂಡದ ಮುಂದೆ ಕೂತು ಒಣ ಎಲೆ ಕೀಳುತ್ತಿದ್ದವರು ತಲೆ ಎತ್ತಿ ನೋಡಿದರು. ನನ್ನ ಅವತಾರ ನೋಡಿ ನಗು ಬಂತು ಅವರಿಗೆ.

“ಯಾಕವಾ, ಫೋನಿನ್ಯಾಗ ನನ್ನ ಚುಕ್ಕಿ ಇರಲಿಲ್ಲೇನು?”

“ಇತ್ತು ಮಾವ,” ಎಂದೆ ಏದುಸಿರು ಬಿಡುತ್ತಾ, ಅವರ ಮುಖವನ್ನೇ ನೋಡುತ್ತಾ.