ಒಳಮುಖದ ಮೊಳೆಗಳು

ಸಂತೆಯವರು ಅವಳನ್ನು ದಬ್ಬಳಕ್ಕ ಎಂದು ಕರೆಯುತ್ತಿದ್ದರು. ಗೋಣಿ ಹೊಲಿಯುವ ದಪ್ಪ ಸೂಜಿಯ ಹೆಸರು ಮನುಷ್ಯರಿಗೆ ಅಂಟಿಕೊಳ್ಳಲು ಅವಳ ಕೈ ಎಷ್ಟು ಕಾರಣವೋ ನಾಲಿಗೆಯೂ ಅಷ್ಟೇ ಕಾರಣ. ದನದ ಸಂತೆಯ ಹಿಂದಿನ ಓಣಿಯಲ್ಲಿ, ಒಂಟಿ ಬಾಗಿಲಿನ ಅಂಗಡಿಯಲ್ಲಿ ಕೂತು ಇಪ್ಪತ್ತೈದು ವರ್ಷದಿಂದ ಕೊರಳಪಟ್ಟಿ ಹೊಲಿಯುತ್ತಿದ್ದಳು. ಎಮ್ಮೆಗೆ ಅಗಲದ್ದು, ಕರುವಿಗೆ ಮೆತ್ತನೆಯದು, ಕುದುರೆಗೆ ಒಳಗೆ ಕಂಬಳಿ ಕೂರಿಸಿದ್ದು. ಯಾವ ಪ್ರಾಣಿಯಾದರೂ ಸರಿ, ಕಟ್ಟಿದ ಮೇಲೆ ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಆಡಬೇಕು. ಆಡದಿದ್ದರೆ ಬಿಚ್ಚಿ ಮತ್ತೆ ಹೊಲಿಯುವಳು. ಬಿಗಿ ಮಾಡು ಎಂದ ಗಿರಾಕಿಗೆ, ಮೊದಲು ನೀನು ಅಂಗಿಯ ಗುಂಡಿ ಕತ್ತಿನ ತನಕ ಹಾಕಿಕೊಂಡು ಊಟ ಮಾಡಿ ತೋರಿಸು ಎಂದು ಗದರುವಳು.

ಅವಳ ಕೈಯ ಹೆಚ್ಚುಗಾರಿಕೆಯೆಲ್ಲ ಕಾಣುತ್ತಿದ್ದದ್ದು ಕುರಿಗಾಹಿಗಳ ನಾಯಿಗೆ ಮಾಡುತ್ತಿದ್ದ ಮುಳ್ಳುಪಟ್ಟಿಯಲ್ಲಿ. ತೋಳ ಮೊದಲು ಬಾಯಿ ಹಾಕುವುದು ಕೊರಳಿಗೆ. ಅದಕ್ಕೇ ಎರಡು ಪದರದ ತೊಗಲಿನ ನಡುವೆ ಮೊಳೆಯ ತಲೆಗಳನ್ನು ಹುದುಗಿಸಿ, ಮೊನೆಗಳನ್ನು ಹೊರಗೆ ಬಿಡಬೇಕು. ಅವಳು ಮಾಡಿದ ಪಟ್ಟಿಯ ಕೊಕ್ಕೆಯ ಪಕ್ಕ ಪುಟ್ಟದೊಂದು ಎಲೆಯ ಮುದ್ರೆ ಇರುತ್ತಿತ್ತು. ಗುಡ್ಡದ ಮೇಲಿನವರು ಆ ಮುದ್ರೆ ನೋಡಿಯೇ ಕೊಳ್ಳುತ್ತಿದ್ದರು.

ಅಪ್ಪ ಸತ್ತ ಮೇಲೆ ಅಂಗಡಿಯ ಯಜಮಾನಿಕೆ ಅಣ್ಣನಿಗೆ ಬಂದಿತ್ತು. ಅಪ್ಪ ಮಕ್ಕಳ ಬೆನ್ನಿಗೆ ಬಾರಿಸುತ್ತಿದ್ದ ಎಮ್ಮೆ ತೊಗಲಿನ ಪಟ್ಟಿಯೂ ಅವನಿಗೇ ಬಂತು. ಅತ್ತಿಗೆ ಅದರ ಏಟು ತಿಂದರೂ ಬಾಯಿ ಬಿಡುತ್ತಿರಲಿಲ್ಲ. ದಬ್ಬಳಕ್ಕ ತಿನ್ನುತ್ತಲೇ ಬೈಯುತ್ತಿದ್ದಳು, ಅದಕ್ಕೆ ಅವಳಿಗೆ ಎರಡು ಹೆಚ್ಚು ಬೀಳುತ್ತಿತ್ತು.

ಆ ವರ್ಷ ಮರ ಕೊಯ್ಯುವ ಮಿಲ್ಲಿನ ಯಜಮಾನ ಅಂಗಡಿಗೆ ಬಂದ. ಹಗ್ಗದಂಥ ಚಿನ್ನದ ಸರ, ಅದರ ಮೇಲೆ ಸದಾ ಒರಗಿಸಿಕೊಂಡ ಒಂದು ಕೈ. ಅವನಿಗೆ ನಾಲ್ಕು ಮುಳ್ಳುಪಟ್ಟಿ ಬೇಕಿತ್ತು, ಆದರೆ ಮೊನೆಗಳು ಒಳಗೆ ತಿರುಗಿರಬೇಕು. ಸರಪಳಿ ಜಗ್ಗಿದರೆ ಚುಚ್ಚಬೇಕು, ಚುಚ್ಚಿದರೆ ನಾಯಿಗೆ ಹುಚ್ಚು ಹಿಡಿಯಬೇಕು. ಮಿಲ್ಲಿನಲ್ಲಿ ಭಾನುವಾರ ನಾಯಿ ಕಾದಾಡಿಸುತ್ತಾನೆಂಬುದು ಊರಿಗೆಲ್ಲ ಗೊತ್ತಿದ್ದ ಗುಟ್ಟು.

"ನನ್ನ ಕೈಲಿ ಆಗಲ್ಲ," ಎಂದಳು ದಬ್ಬಳಕ್ಕ. "ನಿನ್ನ ಕತ್ತಿನ ಅಳತೆ ಕೊಡು, ಬೇಕಾದ್ರೆ ಅದಕ್ಕೆ ಮಾಡಿಕೊಡ್ತೀನಿ."

ಮಿಲ್ಲಿನವನು ನಕ್ಕ. ಅಣ್ಣ ನಗಲಿಲ್ಲ. ಗಿರಾಕಿಯ ಎದುರೇ ಅವಳ ಜಡೆ ಹಿಡಿದು ಹಲಗೆಗೆ ತಲೆ ಅಪ್ಪಳಿಸಿದ. ಹುಬ್ಬು ಒಡೆದು, ಅರ್ಧ ಹೊಲಿದ ಕರುವಿನ ಪಟ್ಟಿಯ ಮೇಲೆ ರಕ್ತ ತೊಟ್ಟಿಕ್ಕಿತು. ಆಮೇಲೆ ಅವನೇ ಕೂತು, ಸೊಟ್ಟ ಹೊಲಿಗೆ ಹಾಕಿ ನಾಲ್ಕೂ ಪಟ್ಟಿ ಮುಗಿಸಿದ. ಅವಳ ಪೆಟ್ಟಿಗೆಯಿಂದ ಮುದ್ರೆ ತೆಗೆದು ನಾಲ್ಕರ ಮೇಲೂ ಒತ್ತಿದ. ಆ ಸಂಗತಿ ಅವಳಿಗೆ ಗೊತ್ತಾಗಲಿಲ್ಲ.

ಗೊತ್ತಾದದ್ದು ಎರಡು ತಿಂಗಳ ಮೇಲೆ. ಹಳೆಯ ಗಿರಾಕಿ, ಒಬ್ಬ ಕುರಿಗಾಹಿ ಮುದುಕ, ಭಾನುವಾರ ಮಧ್ಯಾಹ್ನ ಬಂದು ಅಂಗಡಿಯ ಒಳಗೆ ಕಾಲಿಡದೆ ಹೊರಗೇ ನಿಂತ. ಕೂತ್ಕೋ ಎಂದರೂ ಕೂರಲಿಲ್ಲ. ಮಿಲ್ಲಿನ ಹಿಂದಿನ ಚರಂಡಿಯಲ್ಲಿ ನಾಯಿಯೊಂದು ಸತ್ತು ಬಿದ್ದಿದೆ, ಕೊರಳ ಸುತ್ತ ಕೊಳೆತು ಹುಳು ಹಿಡಿದಿದೆ ಎಂದ. ಅವಳ ಮುಖ ನೋಡದೆ, "ಪಟ್ಟಿ ಮೇಲೆ ನಿನ್ನ ಎಲೆ ಐತೆ ತಾಯಿ," ಎಂದ.

ಅವಳು ತೊಗಲು ಕೊಯ್ಯುವ ಬಾಗು ಚಾಕು ತೆಗೆದುಕೊಂಡು, ಅಂಗಡಿಗೆ ಬೀಗ ಕೂಡ ಹಾಕದೆ ನಡೆದಳು.

ಮಿಲ್ಲಿನೊಳಗೆ ಗರಗಸ ನಿಂತಿತ್ತು, ಜನರ ಕೂಗು ನಿಂತಿರಲಿಲ್ಲ. ದಿಮ್ಮಿಗಳನ್ನು ಸುತ್ತ ಜೋಡಿಸಿ ಕಣ ಮಾಡಿದ್ದರು. ನಡುವೆ ಮರದ ಹೊಟ್ಟು ರಕ್ತ ಕುಡಿದು ಮುದ್ದೆಗಟ್ಟಿತ್ತು. ಬಿಳಿ ನಾಯಿಯೊಂದು ಕರಿ ನಾಯಿಯ ಕೆನ್ನೆ ಕಚ್ಚಿ ಅಲ್ಲಾಡಿಸುತ್ತಿತ್ತು. ಕರಿ ನಾಯಿಯ ಸರಪಳಿ ಹಿಡಿದು ಜಗ್ಗುತ್ತಿದ್ದವನು ಅಣ್ಣ. ಜಗ್ಗಿದಷ್ಟೂ ಅದು ಕಿರುಚುತ್ತಿತ್ತು, ಕಿರುಚಿದಷ್ಟೂ ಕಾದಾಡುತ್ತಿತ್ತು.

ಅವಳು ದಿಮ್ಮಿ ದಾಟಿ ಇಳಿದಳು. ಮಿಲ್ಲಿನವನು ಎದುರು ಬಂದು ಅಳತೆಯ ಕೋಲಿನಿಂದ ಬೀಸಿದ. ಭುಜದ ಮೂಳೆ ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಅವಳು ಚಾಕು ಬೀಸಿದಳು, ಅವನ ಅಂಗೈ ಸೀಳಿತು, ಅವನು ಕೋಲು ಬಿಟ್ಟು ಹಿಂದಕ್ಕೆ ಬಿದ್ದ. ಗದ್ದಲದಲ್ಲಿ ಯಾರೋ ಬಿಳಿ ನಾಯಿಯನ್ನು ಎಳೆದುಕೊಂಡರು. ಅವಳು ಕರಿಯದರ ಪಕ್ಕ ಮಂಡಿಯೂರಿ ಪಟ್ಟಿಗೆ ಚಾಕು ತೂರಿಸಿದಳು. ತನ್ನನ್ನು ಬಿಡಿಸಲು ಬಂದವಳೆಂದು ನಾಯಿಗೇನು ಗೊತ್ತು? ಅದು ಅವಳ ಎಡ ಮುಂಗೈಗೆ ಬಾಯಿ ಹಾಕಿ ಮೂಳೆಯ ತನಕ ಹಲ್ಲಿಳಿಸಿತು. ಅವಳು ಹಲ್ಲು ಕಚ್ಚಿ ಬಲಗೈಯಲ್ಲಿ ಕೊಯ್ಯುತ್ತಲೇ ಇದ್ದಳು.

ಅಣ್ಣ ಅವಳನ್ನು ಉಳಿಸಲೆಂದೋ, ನಾಯಿಯನ್ನು ಉಳಿಸಿಕೊಳ್ಳಲೆಂದೋ, ಸರಪಳಿಯನ್ನು ಎರಡೂ ಕೈಯಿಂದ ಜಗ್ಗಿದ. ಅರ್ಧ ಕೊಯ್ದಿದ್ದ ಪಟ್ಟಿ ಹರಿದು ಅವನು ಅಂಗಾತ ಬಿದ್ದ. ನಾಯಿ ಅವಳನ್ನು ಬಿಟ್ಟು ಅವನ ಮುಖಕ್ಕೆ ಎರಗಿತು. ತುಟಿ, ಕೆನ್ನೆ ಕಿತ್ತು ಬಂತು. ಅವನ ಕೈಗಳು ಹೊಟ್ಟನ್ನು ತೋಡುತ್ತಿದ್ದವು. ಕಣದ ಸುತ್ತ ನಿಂತಿದ್ದ ಮೂವತ್ತು ಗಂಡಸರಲ್ಲಿ ಒಬ್ಬನೂ ಕೆಳಗಿಳಿಯಲಿಲ್ಲ. ನಾಯಿ ಇನ್ನೇನು ಅವನ ಕೊರಳಿಗೆ ಬಾಯಿ ಹಾಕುವುದರಲ್ಲಿತ್ತು. ಅವಳು ತೆವಳಿಕೊಂಡು ಹೋಗಿ, ಮೊಳೆಗಳು ತೂತು ಮಾಡಿದ್ದ ನಾಯಿಯ ಕತ್ತಿನಲ್ಲೇ ಚಾಕು ಇಳಿಸಿದಳು. ಬಿಸಿ ರಕ್ತ ಅಣ್ಣ ತಂಗಿ ಇಬ್ಬರ ಮೇಲೂ ಹರಿಯಿತು. ನಾಯಿ ಅವಳ ತೊಡೆಯ ಮೇಲೆ ತಲೆಯಿಟ್ಟು ಸತ್ತಿತು. ಆಗ ಅವಳು ಅತ್ತಳು. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಪೊಲೀಸರು ಕೇಳಿದಾಗ ಮುಚ್ಚುಮರೆ ಮಾಡಲಿಲ್ಲ. ಮುದ್ರೆ ತನ್ನದು, ಹೊಲಿಗೆ ಅಣ್ಣನದು, ಮಾಡಿಸಿದ್ದು ಮಿಲ್ಲಿನವನು ಎಂದಳು. ಅಣ್ಣ ಎಂಟು ತಿಂಗಳು ಒಳಗಿದ್ದ, ಮಿಲ್ಲಿನವನು ಎರಡು ವರ್ಷ. ಅವಳ ಎಡಗೈಯ ನರ ಕೂಡಲಿಲ್ಲ. ಹಿಡಿತ ಹೋದ ಕೈಯಲ್ಲಿ ತೊಗಲು ನಿಲ್ಲದೆ, ಅತ್ತಿಗೆಯನ್ನು ಎದುರು ಕೂರಿಸಿಕೊಂಡು ಕೆಲಸ ಕಲಿಸಿದಳು. ಇವಳು ಚುಚ್ಚಿದರೆ ಅವಳು ದಾರ ಎಳೆಯುವಳು. ಇಷ್ಟು ವರ್ಷ ಸುಮ್ಮನಿದ್ದ ಅತ್ತಿಗೆಗೆ ಇಷ್ಟೊಂದು ಮಾತು ಎಲ್ಲಿತ್ತೋ, ಓಣಿಯವರಿಗೆ ಅದೇ ಸೋಜಿಗ.

ಅಣ್ಣ ಬಿಡುಗಡೆಯಾಗಿ ಬಂದಾಗ ಅತ್ತಿಗೆ ತಲೆ ಎತ್ತಲಿಲ್ಲ. ಹಾಸಿಗೆ, ಬಟ್ಟೆ ಗಂಟು ಕಟ್ಟಿಟ್ಟಿದ್ದೇನೆ, ತಗೊಂಡು ಹೋಗು ಎಂದಳು. ಅವನ ಕೈ ಅಪ್ಪನ ಪಟ್ಟಿ ತೂಗುಹಾಕುತ್ತಿದ್ದ ಗೂಟದ ಕಡೆ ಹೋಯಿತು. ಎಮ್ಮೆ ತೊಗಲಿನ ಪಟ್ಟಿಯನ್ನು ಅವರಿಬ್ಬರೂ ಎಂದೋ ಕೊಯ್ದು ಕರುವಿನ ಪಟ್ಟಿಗೆ ತೇಪೆ ಹಾಕಿಬಿಟ್ಟಿದ್ದರು. ಅವನ ಕೈಗೆ ಖಾಲಿ ಗೂಟ ಸಿಕ್ಕಿತು. ತಂಗಿಯ ಕಡೆ ತಿರುಗಿ, ಅರ್ಧ ತುಟಿಯ ಬಾಯಿಯಿಂದ, "ಅವತ್ತು ನಾಯೀನ ಕೊಲ್ಲದೆ ನನ್ನನ್ನೇ ಸಾಯೋಕೆ ಬಿಡಬಹುದಿತ್ತು," ಎಂದ.

"ಬಿಡಬಹುದಿತ್ತು," ಎಂದಳು ದಬ್ಬಳಕ್ಕ.

ಅವನು ಗಂಟು ಹೊತ್ತು ಮೆಟ್ಟಿಲಿಳಿದ. ಅತ್ತಿಗೆ ದಾರ ಎಳೆದು ಬಿಗಿ ಮಾಡಿದಳು.